ಡಿಸೆಂಬರ್ 26ರಿಂದ 30: ಬೆಂಗಳೂರಲ್ಲಿ ಐದು ದಿನ, ಆರು ಜನ. ಎಲ್ಲಿಗೆ ಹೋದರೆ ಚೆನ್ನ?

ಬೆಣ್ಣೆನಗರಿ:
ನಮಸ್ಕಾರ. ಮಕ್ಕಳ ರಜೆಗೆ ದಾವಣಗೆರೆಯಿಂದ ಬರುತ್ತಿದ್ದೇವೆ. ಶುಕ್ರವಾರ 26ರ ಬೆಳಿಗ್ಗೆ ಇಳಿದು ಮಂಗಳವಾರ 30ರ ರಾತ್ರಿ ವಾಪಸ್. ನಾವಿಬ್ಬರು, 8 ಮತ್ತು 12 ವರ್ಷದ ಮಕ್ಕಳು, ಅತ್ತೆ, ಮಾವ. ಅತ್ತೆಯವರಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಉಳಿಯುವುದು ಜಯನಗರದಲ್ಲಿ, ಕಾರು ಇಲ್ಲ. ಮಾಲ್ ಬೇಡ. ನಂದಿಬೆಟ್ಟ, ಬನ್ನೇರುಘಟ್ಟ, ಕಡಲೆಕಾಯಿ ಪರಿಷೆ, ಲಾಲ್‌ಬಾಗ್, ಬ್ರಿಗೇಡ್ ರೋಡಿನ ದೀಪಾಲಂಕಾರ, ಇಷ್ಟು ಪಟ್ಟಿಯಲ್ಲಿದೆ. ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಕಹಳೆಬಂಡೆ:
ಮೊದಲು ಪರಿಷೆ ಪಟ್ಟಿಯಿಂದ ತೆಗೆಯಿರಿ. ಅದು ಕಾರ್ತಿಕದ ಕಡೇ ಸೋಮವಾರದ್ದು, ನೀವು ಬರುವಷ್ಟರಲ್ಲಿ ಮುಗಿದಿರುತ್ತದೆ. ನಂದಿಬೆಟ್ಟವನ್ನೂ ಬಿಡಿ. ಸುಮಾರು 60 ಕಿ.ಮೀ. ದೂರ, ಸೂರ್ಯೋದಯಕ್ಕೆ ಸಿಗಬೇಕೆಂದರೆ ಜಯನಗರದಿಂದ ನಾಲ್ಕಕ್ಕೇ ಹೊರಡಬೇಕು. ರಜೆಯ ಶನಿವಾರ, ಭಾನುವಾರ ಬೆಟ್ಟದ ಬುಡದಲ್ಲೇ ಗಾಡಿಗಳ ಸಾಲು ನಿಂತುಬಿಡುತ್ತದೆ. ಅಷ್ಟು ಕಷ್ಟಪಟ್ಟು ಹೋದರೂ ಮಂಜು ದಟ್ಟವಾಗಿದ್ದರೆ ಸೂರ್ಯ ಕಾಣುವುದಿಲ್ಲ.

ಈಗ ಮುಖ್ಯ ವಿಷಯ. ನೀವು ಬರುವ ಐದೂ ದಿನ ಏನಾದರೊಂದು ಮುಚ್ಚಿರುತ್ತದೆ ಅಥವಾ ಕಿಕ್ಕಿರಿದಿರುತ್ತದೆ. ಗಾಂಧಿ ಬಜಾರಿನ ದೋಸೆ ಹೋಟೆಲ್ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲ್, ನೆಹರು ತಾರಾಲಯ ಎರಡಕ್ಕೂ ಸೋಮವಾರ. ಬನ್ನೇರುಘಟ್ಟಕ್ಕೆ ಮಂಗಳವಾರ. ಸಾಲದ್ದಕ್ಕೆ 30ರಂದು ವೈಕುಂಠ ಏಕಾದಶಿ. ಕೋಟೆ ವೆಂಕಟರಮಣನ ಗುಡಿ ಇರುವ ಕೆ.ಆರ್. ರಸ್ತೆ ಕಡೆ ಆ ದಿನ ಆಟೋ ಹಿಡಿದು ಹೋದರೆ ಸಿಕ್ಕಿಕೊಳ್ಳುತ್ತೀರಿ. ದರ್ಶನ ಬೇಕೇ ಬೇಕೆಂದರೆ ಬೆಳಗಾಗುವ ಮುಂಚೆಯೇ ಸಾಲಿನಲ್ಲಿ ನಿಲ್ಲಿ.

ನನ್ನ ಲೆಕ್ಕ ಹೀಗೆ. ಶುಕ್ರವಾರ ಪ್ರಯಾಣದ ದಣಿವಿರುತ್ತದೆ, ಮಧ್ಯಾಹ್ನ ಮಲಗಿ ಎದ್ದು ಮೂರೂವರೆಗೆ ಲಾಲ್‌ಬಾಗ್. ಜಯನಗರ ಮೆಟ್ರೋ ಸ್ಟೇಷನ್ನಿನಿಂದ ಹಸಿರು ಮಾರ್ಗದಲ್ಲಿ ಎರಡೇ ನಿಲ್ದಾಣ, ಇಳಿದರೆ ಪಶ್ಚಿಮ ದ್ವಾರ ಹತ್ತಿರ. 240 ಎಕರೆಯ ತೋಟ, ಪೂರ್ತಿ ನೋಡುತ್ತೇವೆ ಅಂತ ಹೊರಟರೆ ಅತ್ತೆಯವರು ಅರ್ಧದಲ್ಲೇ ಕೂರುತ್ತಾರೆ. ಹಿರಿಯರಿಗೆ ಬ್ಯಾಟರಿ ಗಾಡಿ ಇದೆಯಾ ಅಂತ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ. ಗಾಜಿನ ಮನೆಯಲ್ಲಿ ಹೂವಿನ ರಾಶಿ ಇರುತ್ತದೆ ಅಂದುಕೊಳ್ಳಬೇಡಿ, ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವದ ಹೊತ್ತಿನದು. ಆದರೂ 1889ರ ಕಬ್ಬಿಣ, ಗಾಜಿನ ಕಟ್ಟಡವನ್ನು ಖಾಲಿ ಇದ್ದಾಗಲೇ ಸರಿಯಾಗಿ ನೋಡಲು ಸಾಧ್ಯ. ಮಕ್ಕಳನ್ನು ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ಮುಂಜಾನೆ ಇಬ್ಬನಿ ಬಿದ್ದಾಗ ಅದು ಜಾರುತ್ತದೆ, ಹಾಗಾಗಿ ಸಂಜೆಯೇ ವಾಸಿ. ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಗೊತ್ತಿರಲಿ.

ಶನಿವಾರ ಬಸವನಗುಡಿ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಏಳೂವರೆ ಒಳಗೆ ತಿಂಡಿಗೆ ಕೂರಬೇಕು. ಒಂಬತ್ತಾದರೆ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ ಜೊತೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ನಿಂತೇ ತಿನ್ನಬೇಕು, ಮಂಡಿನೋವಿನವರಿಗೆ ಅದು ಬೇಡ.

ನೇರಳೆಮಾರ್ಗ:
ಮೇಲಿನವರು ಹೇಳಿದ್ದಕ್ಕೆ ಭಾನುವಾರ, ಸೋಮವಾರ ಸೇರಿಸುತ್ತೇನೆ.

ಭಾನುವಾರ ಕಬ್ಬನ್ ಪಾರ್ಕ್. ಅಂದು ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ಮಕ್ಕಳು ನಿಶ್ಚಿಂತೆಯಿಂದ ಓಡಬಹುದು. ಒಂದು ಎಡವಟ್ಟು ಮಾಡಿಕೊಳ್ಳಬೇಡಿ: ಭಾನುವಾರ ಮೆಟ್ರೋ ಶುರುವಾಗುವುದೇ ಏಳಕ್ಕೆ. ಆರಕ್ಕೆ ಹೋಗಿ ಸ್ಟೇಷನ್ ಬಾಗಿಲಲ್ಲಿ ನಿಲ್ಲುವವರು ಬಹಳ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸುವಾಗ ಜನರ ಹಿಂದೆ ಎಸ್ಕಲೇಟರ್‌ಗೆ ನುಗ್ಗದೆ ಲಿಫ್ಟ್ ಹುಡುಕಿ.

ಸೋಮವಾರ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಸೋಮವಾರವೂ ತೆರೆದಿರುತ್ತದೆ, ಬೆಳಿಗ್ಗೆ 9.30ಕ್ಕೆ ಶುರು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ, 12ರ ಹುಡುಗರು ಇಂಜಿನ್ ವಿಭಾಗದಿಂದ ಕದಲುವುದಿಲ್ಲ. ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ಅರ್ಧಕ್ಕೇ ಎಬ್ಬಿಸಿಕೊಂಡು ಬರಬೇಕಾಗುತ್ತದೆ. ಬನ್ನೇರುಘಟ್ಟಕ್ಕೆ ಹೋಗುವುದಾದರೂ ಈ ಸೋಮವಾರವೇ ಹೋಗಬೇಕು, ಶನಿವಾರ, ಭಾನುವಾರ ಸಫಾರಿಗೆ ಕಾದು ಮಕ್ಕಳು ಬಸವಳಿಯುತ್ತಾರೆ. ಸಫಾರಿ ಬಸ್ ಹತ್ತಿಳಿಯುವುದು ಅತ್ತೆಯವರಿಗೆ ತ್ರಾಸ. ನನ್ನ ಮತ ವಸ್ತುಸಂಗ್ರಹಾಲಯಕ್ಕೆ.

ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ದೀಪಗಳನ್ನೂ ಸೋಮವಾರ ಸಂಜೆಯೇ ನೋಡಿ, ಆರೂಕಾಲಿನಿಂದ ಏಳೂವರೆ. ವಾರಾಂತ್ಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಗೋದಲಿಯನ್ನೂ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ಮಕ್ಕಳಿಗೆ ತೋರಿಸಿ. ಚರ್ಚುಗಳಲ್ಲಿ ಗೋದಲಿ ಸಾಮಾನ್ಯವಾಗಿ ಜನವರಿ ಮೊದಲ ವಾರದವರೆಗೂ ಇರುತ್ತದೆ, 25ರ ನೂಕುನುಗ್ಗಲಿನಲ್ಲಿ ನೋಡಬೇಕಿಲ್ಲ. ಪೂಜೆ ನಡೆಯುತ್ತಿದ್ದರೆ ಮುಗಿಯುವವರೆಗೆ ಹೊರಗಿರಿ.

ಬೆಣ್ಣೆನಗರಿ:
ಇಬ್ಬರಿಗೂ ತುಂಬಾ ಧನ್ಯವಾದ. ಅವರೆಕಾಯಿ ಮೇಳ ಅಂತ ಮಾವ ಕೇಳುತ್ತಿದ್ದಾರೆ. ಊರಿಗೂ ಸ್ವಲ್ಪ ಕಾಯಿ ಒಯ್ಯಬೇಕಂತೆ. ಚಳಿಗೆ ಏನು ತರಬೇಕು?

ಸೊಗಡು:
ಮಾವನವರು ಸರಿಯಾದದ್ದನ್ನೇ ಕೇಳಿದ್ದಾರೆ. ಮೇಳದ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಡಿಸೆಂಬರ್ ಕೊನೆಗೂ ಬರಬಹುದು, ಜನವರಿಗೂ ಹೋಗಬಹುದು. ಪತ್ರಿಕೆ ನೋಡಿಕೊಳ್ಳಿ. ಮೇಳ ಇಲ್ಲದಿದ್ದರೂ ವಿ.ವಿ. ಪುರಂ ತಿಂಡಿಬೀದಿಯಲ್ಲಿ ಈ ಕಾಲಕ್ಕೆ ಅವರೆಬೇಳೆ ದೋಸೆ ಸಿಗುತ್ತದೆ. ಸಂಜೆ ಬೇಗ ಹೋಗಿ, ಎಂಟರ ಮೇಲೆ ತಟ್ಟೆ ಹಿಡಿದು ನಿಲ್ಲಲೂ ಜಾಗ ಇರುವುದಿಲ್ಲ.

ಕಾಯಿ ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗಬೇಡಿ, ಕೈಯಲ್ಲಿ ಉಜ್ಜಿ ಮೂಸಿ. ಸೊಗಡಿನ ಕಾಯಿ ಅಂಟಂಟಾಗಿರುತ್ತದೆ, ಘಮ ಬೆರಳಿಗೆ ಹತ್ತಿಕೊಳ್ಳುತ್ತದೆ. ಸಿಪ್ಪೆ ಮೇಲೆ ಸಣ್ಣ ತೂತು ಕಂಡರೆ ಒಳಗೆ ಹುಳು. ಎರಡು ಕಿಲೋ ಕಾಯಿ ಸುಲಿದರೆ ಮುಕ್ಕಾಲು ಕಿಲೋ ಆಸುಪಾಸು ಕಾಳು, ಆರು ಜನರ ಸಾರಿಗೆ ಧಾರಾಳ. ಹೊರಡುವ ದಿನ ಮಧ್ಯಾಹ್ನವೇ ಕೊಂಡು ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ರಾತ್ರಿಯಿಡೀ ಬೆವರಿ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ.

ಮನೆಯಲ್ಲಿ ಹಿದುಕಿದ ಬೇಳೆ ಮಾಡುವುದಾದರೆ ಸುಲಿದ ಕಾಳನ್ನು ಐದಾರು ಗಂಟೆ ನೆನೆಸಿ, ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಟ್ಟನೆ ಹಾರುತ್ತದೆ. ಹಾರದಿದ್ದರೆ ಇನ್ನೂ ನೆನೆಯಬೇಕು ಎಂದರ್ಥ. ಹೆಚ್ಚು ಹೊತ್ತು ಬಿಟ್ಟರೆ ನೀರು ಹುಳಿಯಾಗಿ ಸೊಗಡೇ ಹೋಗುತ್ತದೆ. ಹಿರಿಯರಿಗೆ ಸಿಪ್ಪೆ ತೆಗೆದ ಬೇಳೆಯೇ ಒಳ್ಳೆಯದು, ಹೊಟ್ಟೆ ಉಬ್ಬರಿಸುವುದು ಕಡಿಮೆ. ಶುಂಠಿ, ಇಂಗು ಮರೆಯಬೇಡಿ.

ಚಳಿ ಅಂದರೆ ಬೆಳಗಿನ ಜಾವ 15 ಡಿಗ್ರಿ ಸುತ್ತಮುತ್ತ, ಮಧ್ಯಾಹ್ನ 27ರ ಹತ್ತಿರ. ದಪ್ಪ ಜಾಕೆಟ್ ತಂದರೆ ಹನ್ನೊಂದರ ಮೇಲೆ ಹೊತ್ತು ತಿರುಗಬೇಕಾಗುತ್ತದೆ. ತೆಳು ಸ್ವೆಟರ್, ಹಿರಿಯರಿಗೆ ಮಫ್ಲರ್ ಸಾಕು. ಸಂಜೆ ಆಟೋದಲ್ಲಿ ಬೀಸುವ ಗಾಳಿಯೇ ಕಿವಿಗೆ ಹೆಚ್ಚು ಹೊಡೆಯುತ್ತದೆ.