ಲಿನಕ್ಸ್ ಮಾಡಿದ್ದು ಲೀನಸ್ ಒಬ್ಬರೇನಾ?

ತುಂಗಾತೀರ:
ಮಗಳು ಪಿಯುಸಿ, ಕಂಪ್ಯೂಟರ್ ಸೈನ್ಸ್. ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಲಿನಕ್ಸ್ ಇದೆಯಲ್ಲ, ಅದನ್ನು ಮಾಡಿದ್ದು ಯಾರಪ್ಪಾ ಅಂದಳು. ಲೀನಸ್ ಟೋರ್ವಾಲ್ಡ್ಸ್ ಅಂದೆ. ಅವಳ ಲೆಕ್ಚರರ್ ‘ಗ್ನೂ/ಲಿನಕ್ಸ್’ ಅಂತ ಬರೆಸಿದ್ದಾರಂತೆ. ಈ ಗ್ನೂ ಎಲ್ಲಿಂದ ಬಂತು?

ಹಳೇಮೋಡೆಮ್:
ನಿಮ್ಮ ಉತ್ತರ ಅರ್ಧ ಸರಿ ಸಾರ್. ಉಳಿದರ್ಧ ಶುರುವಾಗಿದ್ದು ಒಂದು ಪ್ರಿಂಟರಿನಿಂದ.

ಅಮೆರಿಕದ ಎಂಐಟಿಯ ಎಐ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಇದ್ದರು. ಪೇಪರ್ ಸಿಕ್ಕಿಕೊಂಡರೆ ಪ್ರಿಂಟಿಗೆ ಕಾಯುತ್ತಿರುವವರ ಸ್ಕ್ರೀನಿಗೇ ಸುದ್ದಿ ಹೋಗುವ ಹಾಗೆ ಹಳೇ ಪ್ರಿಂಟರಿನ ಕೋಡ್ ತಿದ್ದಿಟ್ಟಿದ್ದರು. ಆಮೇಲೆ ಜೆರಾಕ್ಸ್‌ನ ಹೊಸ ಲೇಸರ್ ಪ್ರಿಂಟರ್ ಬಂತು, ಕೋಡ್ ಬರಲಿಲ್ಲ. ಅದು ಯಾರ ಹತ್ತಿರ ಇದೆಯೆಂದು ಹುಡುಕಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತನಕ ಹೋದರೆ, ‘ಯಾರಿಗೂ ಕೊಡಲ್ಲ ಅಂತ ಸಹಿ ಹಾಕಿದ್ದೇನೆ’ ಎಂಬ ಉತ್ತರ. ಆ ಸಿಟ್ಟು ಇಳಿಯಲೇ ಇಲ್ಲ.

1983ರ ಸೆಪ್ಟೆಂಬರ್ 27ಕ್ಕೆ, ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ‘ಗ್ನೂ’ ಎಂಬ ಆಪರೇಟಿಂಗ್ ಸಿಸ್ಟಮ್ ಮಾಡುವುದಾಗಿ ಸಾರಿದರು. ಮುಂದಿನ ಜನವರಿಯಲ್ಲಿ ಕೆಲಸಕ್ಕೂ ರಾಜೀನಾಮೆ. ಹೊಟ್ಟೆಪಾಡಿಗೆ ಇಮ್ಯಾಕ್ಸ್ ಎಡಿಟರನ್ನು ಟೇಪಿಗೆ ತುಂಬಿ 150 ಡಾಲರಿಗೆ ಮಾರಿದರು. ಫ್ರೀ ಸಾಫ್ಟ್‌ವೇರಿನ ‘ಫ್ರೀ’ ಅಂದ್ರೆ ಸ್ವಾತಂತ್ರ್ಯ ಅಲ್ಲ, ಪುಕ್ಕಟೆ ಅಂತ ವಾದ ಮಾಡೋರಿಗೆ ನಾನು ಈ ಟೇಪಿನ ಕತೆಯನ್ನೇ ಹೇಳೋದು.

ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ನಾವು ಟೈಪ್ ಮಾಡಿದ ಆದೇಶ ನಡೆಸುವ ಶೆಲ್ ಎಲ್ಲ ಬಂತು. ಯಂತ್ರವನ್ನು ನೇರವಾಗಿ ನಡೆಸುವ ಒಳತಿರುಳು, ಅಂದರೆ ಕರ್ನಲ್, ಮಾತ್ರ ಕುಂಟುತ್ತಲೇ ಇತ್ತು.

ಪೆಂಗ್ವಿನ್‌ಪ್ರಿಯ:
ಅಲ್ಲಿಗೆ ಲೀನಸ್ ಬಂದರು. ಹೆಲ್ಸಿಂಕಿಯ ವಿದ್ಯಾರ್ಥಿ, 386 ಚಿಪ್ಪಿನ ಕಂಪ್ಯೂಟರ್. 1991ರ ಆಗಸ್ಟ್ 25ರಂದು ಮಿನಿಕ್ಸ್ ಎಂಬ ಪಾಠಕ್ಕಾಗಿ ಮಾಡಿದ ಆಪರೇಟಿಂಗ್ ಸಿಸ್ಟಮ್ ಬಳಸುವವರ ಆನ್‌ಲೈನ್ ಬಳಗಕ್ಕೆ ಬರೆದರು: ಒಂದು ಆಪರೇಟಿಂಗ್ ಸಿಸ್ಟಮ್ ಮಾಡ್ತಿದ್ದೀನಿ, ಇದು ಸುಮ್ನೆ ಹವ್ಯಾಸಕ್ಕೆ, ಗ್ನೂ ಥರ ದೊಡ್ಡದೇನೂ ಆಗಲ್ಲ! ಇಟ್ಟುಕೊಂಡಿದ್ದ ಹೆಸರು ಫ್ರೀಯಾಕ್ಸ್. ಸರ್ವರಿಗೆ ಹಾಕಿದ ಆರಿ ಲೆಮ್ಕೆಗೆ ಅದು ಹಿಡಿಸಲಿಲ್ಲ. ಫೋಲ್ಡರಿಗೆ ಲಿನಕ್ಸ್ ಅಂತ ಹೆಸರಿಟ್ಟುಬಿಟ್ಟರು.

ಹಳೇಮೋಡೆಮ್:
ನನಗೆ ಜಾಸ್ತಿ ಇಷ್ಟ ಲೀನಸ್ ಅವರ ಎಡವಟ್ಟು. ಮೋಡೆಮ್‌ನಿಂದ ಯೂನಿವರ್ಸಿಟಿಗೆ ಡಯಲ್ ಮಾಡಲು ಹೋಗಿ, ಆ ಆದೇಶವನ್ನು ಹಾರ್ಡ್ ಡಿಸ್ಕಿಗೇ ಬರೆದರು. ಮಿನಿಕ್ಸ್ ಹೋಯ್ತು. ಮತ್ತೆ ಅದನ್ನು ಹಾಕೋ ಬದಲು ಲಿನಕ್ಸನ್ನೇ ಗಟ್ಟಿ ಮಾಡಲು ಕೂತರು. ನಾನೂ ಮ್ಯಾಗಜೀನ್ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಲು ಹೋಗಿ ಅಣ್ಣನ ವಿಂಡೋಸ್ ಅಳಿಸಿದ್ದೆ. ನಮ್ಮನೇಲಿ ಯಾರೂ ಗಟ್ಟಿ ಆಗಲಿಲ್ಲ, ಬೈಗುಳ ಬಿತ್ತು ಅಷ್ಟೇ.

1992ರಲ್ಲಿ ಲೀನಸ್ ಗ್ನೂ ಲೈಸೆನ್ಸಿಗೇ, ಅಂದರೆ ಕೋಡ್ ತಿದ್ದಿ ಹಂಚಬಹುದು ಎಂಬ ಒಪ್ಪಂದಕ್ಕೇ, ಬಂದರು. ಅವರು ಮೊದಲಿಂದ ಕಂಪೈಲ್ ಮಾಡುತ್ತಿದ್ದದ್ದೂ ಗ್ನೂ ಕಂಪೈಲರ್ ಜಿಸಿಸಿಯಲ್ಲೇ. ಕರ್ನಲ್ ಲೀನಸ್‌ದು, ಸುತ್ತಲಿನ ಸಲಕರಣೆ ಗ್ನೂದು; ಅದಕ್ಕೇ ನಾನಂತೂ ಲೆಕ್ಚರರ್ ಪರ. ಮಾತಾಡುವಾಗ ಮಾತ್ರ ಲಿನಕ್ಸ್ ಅಂತೀನಿ, ನಾಲಿಗೆಗೆ ಸುಲಭ.

ತುಂಗಾತೀರ:
ಥ್ಯಾಂಕ್ಸ್ ಸಾರ್. ಇವಳ ಲ್ಯಾಪ್‌ಟಾಪಲ್ಲೂ ಜಿಸಿಸಿ ಇದೆ. ಅದರಲ್ಲಿ ‘ಜಿ’ ಅಂದರೇನು ಅಂತ ಕೇಳಿದೆ. ಗೂಗಲ್ ಅಂದಳು.