ಗೇರ್ ‘ಬೀಳುವುದು’: ಆಟೊಮ್ಯಾಟಿಕ್ ಗಾಡಿಗೂ ಈ ಮಾತು ಸರಿಯೇ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಕಡೆಯಿಂದ ಬರೆಯುತ್ತಿದ್ದೇನೆ. ಒಂದೆರಡು ಪದಗಳಿಗೆ ನಿಮ್ಮ ಊರಿನ ಬಳಕೆ ಏನು ಅಂತ ತಿಳಿಯಬೇಕಿತ್ತು.

ನನ್ನ ಭಾವ ಶಾರ್ಜಾದ ಒಂದು ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಗೇರ್‌ಬಾಕ್ಸ್ ಕೆಲಸ ಮಾಡಿ ಈಗ ಊರಿಗೆ ಬಂದಿದ್ದಾರೆ. ಅಲ್ಲಿ ಅವರ ಕೈಗೆ ಬರುತ್ತಿದ್ದದ್ದು ಜಾಸ್ತಿ ಅಮೆರಿಕದ ಪಿಕಪ್‌ಗಳು. ಅಮೆರಿಕದವರು ಅವನ್ನು ಟ್ರಕ್ ಅನ್ನುತ್ತಾರೆ. ನಮ್ಮಲ್ಲಿ ಟ್ರಕ್ ಅಂದರೆ ಲಾರಿ, ಹಾಗಾಗಿ ಪಿಕಪ್ ಅಂತಲೇ ಇಟ್ಟುಕೊಂಡೆವು. ಕುಂಬಳೆ, ಮಂಜೇಶ್ವರದಿಂದ ಗಲ್ಫಿಗೆ ಹೋಗುವ ಹುಡುಗರಿಗೆ ಉಪಯೋಗವಾಗಲಿ ಅಂತ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಶಿಫ್ಟ್ ಕಿಟ್ (ಒಂದು ಗೇರಿನಿಂದ ಇನ್ನೊಂದಕ್ಕೆ ಚುರುಕಾಗಿ ಹೋಗುವ ಹಾಗೆ ಮಾಡುವ ಬಿಡಿ ಸಾಮಾನುಗಳ ಕಟ್ಟು) ಹಾಕುವ ಕೆಲಸದ ಬಗ್ಗೆ ಅವರು ಕನ್ನಡದಲ್ಲಿ ಹತ್ತು ಪುಟ ಬರೆಯುತ್ತಿದ್ದಾರೆ. ತಿದ್ದುವುದು ನಾನು.

ಅವರ ಮೊದಲ ವಾಕ್ಯ ಇದು: “ಕಿಟ್ ಹಾಕಿದ ಮೇಲೆ ಗೇರ್ ಗಟ್ಟಿ ಬೀಳ್ತದೆ.” ಇದರಲ್ಲಿ ಎರಡು ಪದ ನನ್ನನ್ನು ವಾರದಿಂದ ಕಾಡುತ್ತಿವೆ.

ಮೊದಲು ‘ಬೀಳು’. ನಮ್ಮ ಕಡೆ ಡ್ರೈವರ್ ಗೇರ್ ಹಾಕುತ್ತಾನೆ, ಗೇರ್ ಬೀಳುತ್ತದೆ. ತುಳುವಿನಲ್ಲಿ ‘ಗೇರ್ ಬೂರ್ಂಡ್’, ಮಲಯಾಳದಲ್ಲಿ ‘ಗಿಯರ್ ವೀಣು’, ಹವ್ಯಕರ ಮನೆಯಲ್ಲಿ ‘ಗೇರ್ ಬಿದ್ದತ್ತು’. ಎಲ್ಲ ಕಡೆಯೂ ಬೀಳುವುದೇ. ಇದು ಮೇಲಿಂದ ಕೆಳಗೆ ಬೀಳುವ ಬೀಳು ಅಲ್ಲ. ‘ಅಂಗಡಿಗೆ ಬೀಗ ಬಿತ್ತು’, ‘ಚಿಲಕ ಬಿತ್ತು’, ‘ಗಂಟು ಬಿತ್ತು’ ಅನ್ನುವಾಗಿನ ಬೀಳು. ಒಂದು ವಸ್ತು ತನ್ನ ಜಾಗಕ್ಕೆ ಹೋಗಿ ಕೂತು ಹಿಡಿದುಕೊಳ್ಳುವುದು. ಕೈಯಿಂದ ಹಾಕುವ ಗೇರ್‌ಬಾಕ್ಸಿಗೆ ಇದು ಬಹಳ ಚಂದ ಹೊಂದುತ್ತದೆ, ಯಾಕೆಂದರೆ ಅಲ್ಲಿ ನಿಜಕ್ಕೂ ಹಲ್ಲಿಗೆ ಹಲ್ಲು ಹೋಗಿ ಕೂರುತ್ತದೆ.

ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಅಲ್ಲಿನ ಗೇರ್ ಚಕ್ರಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಆಯಿಲ್ ಒತ್ತಡದಿಂದ ಒಂದು ಸೆಟ್ ಕ್ಲಚ್ ಪ್ಲೇಟ್ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. ಕೆಲವು ಗೇರಿಗೆ ಡ್ರಮ್ಮಿನ ಸುತ್ತ ಒಂದು ಪಟ್ಟಿ ಬಿಗಿಯುತ್ತದೆ. ಯಾವುದೂ ಎಲ್ಲಿಗೂ ಬೀಳುವುದಿಲ್ಲ. ಹಾಗಾದರೆ ‘ಗೇರ್ ಹಿಡಿಯಿತು’ ಅನ್ನಬೇಕೇ? ಕೇಳಿದರೆ ಭಾವ ಒಪ್ಪುವುದಿಲ್ಲ. “ಕ್ಲಚ್ ಹಿಡೀತದೆ, ಗೇರ್ ಬೀಳ್ತದೆ. ಎರಡೂ ಬೇರೆ ಅಲ್ವಾ?” ಅನ್ನುತ್ತಾರೆ. ಅವರ ಮಾತೇ ಸರಿ ಅಂತ ಈಗ ನನಗೂ ಅನಿಸುತ್ತಿದೆ. ಹಾಕುವವನಿಲ್ಲದೆ ತಾನಾಗಿ ಆಗುವ ಕೆಲಸಕ್ಕೆ ‘ಬೀಳು’ವಿನಷ್ಟು ಒಪ್ಪುವ ಪದ ಬೇರೆ ಇಲ್ಲ. ‘ಗೇರ್ ಬದಲಾಗುತ್ತದೆ’ ಅಂತ ಬರೆಯಬಹುದು. ಆದರೆ ಅದು ಯಾರ ಬಾಯಲ್ಲೂ ಕೇಳಿದ್ದಲ್ಲ, ಸುಮ್ನೆ ಪುಸ್ತಕದ ಮಾತು.

ಬರೆಯುವಾಗ ‘ಗೇರು’ ಅಂತ ಉಕಾರ ಸೇರಿಸಬೇಡಿ ಅಂತ ಮಾತ್ರ ಹೇಳಿದೆ. ನಮ್ಮ ಗುಡ್ಡೆಗಳ ತುಂಬ ಗೇರು ಮರ. ‘ಗೇರು ಬಿತ್ತು’ ಅಂದರೆ ಇಲ್ಲಿನವರು ಹಣ್ಣು ಹೆಕ್ಕಲು ಹೊರಡುತ್ತಾರೆ.

ನಿಜವಾದ ತೊಡಕು ‘ಗಟ್ಟಿ’ಯದ್ದು. ‘ಗೇರ್ ಗಟ್ಟಿ ಇದೆ’ ಅಂದರೆ ನಮ್ಮಲ್ಲಿ ಅದು ದೂರು. ಲಿವರ್ ಅಲ್ಲಾಡುವುದಿಲ್ಲ, ಕೈ ನೋಯುತ್ತದೆ ಅಂತ ಅರ್ಥ. ಭಾವ ಇದನ್ನು ಹೊಗಳಿಕೆಯಾಗಿ ಬಳಸುತ್ತಿದ್ದಾರೆ. ‘ಬಿಗಿ’ ಅಂದರೂ ಇದೇ ಕಷ್ಟ.

ಕಿಟ್ ಮಾಡುವ ಕೆಲಸ ಏನು ಅಂತ ಸ್ವಲ್ಪ ಹೇಳುತ್ತೇನೆ, ಪದ ಹುಡುಕಲು ಅದು ಬೇಕು. ಭಾವ ಹೆಚ್ಚಾಗಿ ಬಿಚ್ಚಿದ್ದು ಜನರಲ್ ಮೋಟಾರ್ಸ್‌ನ 4ಎಲ್60ಇ ಅನ್ನುವ ಗೇರ್‌ಬಾಕ್ಸ್. 4 ಅಂದರೆ ಮುಂದಕ್ಕೆ ನಾಲ್ಕು ಗೇರ್, ಕೊನೆಯ ಇ ಅಂದರೆ ಎಲೆಕ್ಟ್ರಾನಿಕ್. ಕೂತವರಿಗೆ ಗೊತ್ತೇ ಆಗದ ಹಾಗೆ ಗೇರ್ ಬೀಳಲಿ ಅಂತ ಕಂಪೆನಿಯವರು ಅದರೊಳಗೆ ಅಕ್ಯುಮ್ಯುಲೇಟರ್ ಅನ್ನುವ ಸಣ್ಣ ಪಿಸ್ಟನ್, ಸ್ಪ್ರಿಂಗ್ ಇಟ್ಟಿರುತ್ತಾರೆ. ಕ್ಲಚ್ಚಿಗೆ ಹೋಗುವ ಆಯಿಲ್‌ನ ಹೊಡೆತವನ್ನು ಅದು ನುಂಗಿಕೊಳ್ಳುತ್ತದೆ. ಭಾವ ಅದನ್ನು ‘ಮೆತ್ತೆ’ ಅನ್ನುತ್ತಾರೆ. ನನಗೆ ಈ ಪದ ತುಂಬಾ ಹಿಡಿಸಿತು. ಮೆತ್ತೆ ಜಾಸ್ತಿಯಾದರೆ ಕ್ಲಚ್ ಪೂರ್ತಿ ಹಿಡಿಯುವ ಮೊದಲು ಜಾರುತ್ತದೆ. ಭಾರ ಎಳೆಯುವ ಗಾಡಿಯಲ್ಲಿ ಜಾರಿದಷ್ಟೂ ಬಿಸಿ. ಕೆಂಪು ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಕಿಟ್ಟಿನಲ್ಲಿ ಬಿರುಸಾದ ಸ್ಪ್ರಿಂಗ್‌ಗಳು ಬರುತ್ತವೆ. ವಾಲ್ವ್ ಬಾಡಿ (ಆಯಿಲ್ ಯಾವ ಕ್ಲಚ್ಚಿಗೆ ಹೋಗಬೇಕು ಅಂತ ದಾರಿ ಬಿಡುವ ಭಾಗ) ಮತ್ತು ಗೇರ್‌ಬಾಕ್ಸಿನ ಕವಚದ ನಡುವಿನ ತಗಡಿನಲ್ಲಿರುವ ತೂತುಗಳನ್ನು ಹೇಳಿದ ಅಳತೆಗೆ ದೊಡ್ಡದು ಮಾಡಬೇಕು. ಆಗ ಆಯಿಲ್ ಬೇಗ ಹೋಗುತ್ತದೆ, ಕ್ಲಚ್ ಬೇಗ ಹಿಡಿಯುತ್ತದೆ. ಅಳತೆ ಮೀರಿ ಕೊರೆದರೆ ಗಾಡಿ ಒದ್ದ ಹಾಗೆ ಆಗುತ್ತದೆ, ತಗಡನ್ನೇ ಬದಲಿಸಬೇಕು.

ಅಂದರೆ ಮೂರು ಬಗೆಯ ಬೀಳುವಿಕೆಗೆ ಮೂರು ಮಾತು ಬೇಕು. ನಾನು ಹೀಗೆ ಬರೆದು ತೋರಿಸಿದೆ: ಮೊದಲು ಗೇರ್ ಜಾರಿಕೊಂಡು ಬೀಳುತ್ತಿತ್ತು. ಕಿಟ್ ಹಾಕಿದ ಮೇಲೆ ಟಕ್ಕನೆ ಬೀಳುತ್ತದೆ. ತೂತು ದೊಡ್ಡದಾದರೆ ಧಡ್ಡನೆ ಬೀಳುತ್ತದೆ. ಭಾವ ಓದಿ, “ಇದೇ, ಇದೇ” ಅಂದರು. ಆದರೆ ಮೇಷ್ಟ್ರೊಬ್ಬರು, ತಾಂತ್ರಿಕ ಬರಹದಲ್ಲಿ ಟಕ್ಕನೆ, ಧಡ್ಡನೆ ಬರಬಾರದು, ‘ದೃಢವಾದ ಬದಲಾವಣೆ’ ಅಂತ ಹಾಕಿ ಅಂದರು. ನನಗೆ ಒಪ್ಪಿಗೆಯಿಲ್ಲ. ಮೆಕ್ಯಾನಿಕ್ ಕಿವಿಯಿಂದಲೇ ಕೆಲಸ ಮಾಡುವವನು. ಆ ಶಬ್ದದ ಪದಗಳಲ್ಲಿ ಇರುವಷ್ಟು ಖಚಿತತೆ ‘ದೃಢ’ದಲ್ಲಿ ಇಲ್ಲ.

ಇನ್ನೊಂದು ಪದ. ಗಾಡಿ ಮಾಡಿದ ಕಂಪೆನಿಯದ್ದಲ್ಲದ ಪಾರ್ಟ್‌ಗೆ ಗ್ಯಾರೇಜಿನಲ್ಲಿ ಏನನ್ನುತ್ತೀರಿ? ಇಲ್ಲಿ ಒರಿಜಿನಲ್ ಅಲ್ಲದ್ದು ಎಲ್ಲವೂ ‘ಡೂಪ್ಲಿಕೇಟ್’. ಈ ಕಿಟ್‌ಗಳು ನಕಲಿ ಅಲ್ಲ. ಕಂಪೆನಿ ಮೆತ್ತಗೆ ಮಾಡಿದ್ದನ್ನು ಬೇಕಂತಲೇ ಬಿರುಸು ಮಾಡಲು ಬೇರೆಯವರು ತಯಾರಿಸಿದ ಸಾಮಾನು. ಸದ್ಯಕ್ಕೆ ‘ಹೊರ ಕಂಪೆನಿಯ ಪಾರ್ಟ್’ ಅಂತ ಬರೆದಿದ್ದೇವೆ.

ಕೊನೆಗೆ, ಬಯಲುಸೀಮೆಯವರು, ಧಾರವಾಡ, ಬಳ್ಳಾರಿ ಕಡೆಯವರು ಹೇಳಿ: ನಿಮ್ಮಲ್ಲೂ ಗೇರ್ ಬೀಳುತ್ತದೆಯೇ, ಅಥವಾ ಬೇರೆ ಏನಾದರೂ ಆಗುತ್ತದೆಯೇ? ಘಾಟಿ ಹತ್ತುವಾಗ ಮೂರರಿಂದ ಎರಡಕ್ಕೆ ಬಂದರೆ ನಾವು ‘ಎರಡನೇ ಗೇರ್ ಬಿತ್ತು’ ಅನ್ನುತ್ತೇವೆ. ಎರಡರಿಂದ ಮೂರಕ್ಕೆ ಹೋದರೂ ‘ಮೂರನೇದು ಬಿತ್ತು’. ಹತ್ತಿದ್ದು, ಇಳಿದದ್ದು ಬೇರೆ ಮಾಡಿ ಹೇಳುವ ಮಾತು ನಿಮ್ಮ ಲಾರಿ ಡ್ರೈವರ್‌ಗಳ ಬಾಯಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ನಾಲ್ಕನೇ ಪುಟ ಅದಕ್ಕಾಗಿ ನಿಂತಿದೆ.