ಸಹಾಯ ಬೇಕು: ಹಲಸಿನ ತೊಳೆ ಪಾವಿನ ಲೆಕ್ಕ ಗ್ರಾಂಗೆ ಹೇಗೆ?
ಅಜ್ಜಿ ಬರೆದಿಟ್ಟ ಕಡುಬಿನ ಅಳತೆಲಿ ಹಲಸಿನ ಹಣ್ಣು 3 ಪಾವು, ಅಕ್ಕಿ ರವೆ 2 ಪಾವು, ಬೆಲ್ಲ 1 ಪಾವು ಅಂತಷ್ಟೇ ಇರೋದು, ಈಗ ಮನೆಗೆ 40 ಜನ ಬರ್ತಿದಾರೆ ಅದಕ್ಕೆ ತೂಕದಲ್ಲೇ ಲೆಕ್ಕ ಹಾಕೋಣ ಅಂತ ಕೂತೆ. ನಮ್ಮನೆ ಪಾವಿಗೆ ನೀರು ತುಂಬಿ ತೂಗಿದ್ರೆ 240 ಗ್ರಾಂ. ಹೆಚ್ಚಿದ ತೊಳೆ ಹಾಕಿದ್ರೆ ಬರೀ 160, ಮಧ್ಯ ಸಂದಿ ಇರತ್ತಲ್ಲ, ಒತ್ತಿ ತುಂಬಿದ್ರೆ 190, ಮಿಕ್ಸಿಲಿ ರುಬ್ಬಿ ಅಳೆದ್ರೆ 250 ಹತ್ರ! ನಿನ್ನೆ 250ರ ಲೆಕ್ಕದಲ್ಲಿ ಮಾಡಿ ನೋಡ್ದೆ, ಹಿಟ್ಟು ನೀರಾಗಿ ಬಾಳೆ ಎಲೆ ಮಡಿಕೆಯಿಂದ ಸೋರಿ ಇಡ್ಲಿ ಪಾತ್ರೆ ತಳ ಸೇರ್ತು (ಬೆಲ್ಲ ಬೇರೆ ನೀರು ಬಿಡ್ತು). ಕೇಳೋಕೆ ಅಜ್ಜಿ ಇಲ್ಲ. ಹಳಬರು ಒಂದು ಪಾವು ಹಣ್ಣು ಅಂದ್ರೆ ಹೆಚ್ಚಿದ್ದಾ, ರುಬ್ಬಿದ್ದಾ? 2 ಪಾವು ರವೆಗೆ ಬೀಜ ತೆಗೆದ ತೊಳೆ ನೀವು ಎಷ್ಟು ಗ್ರಾಂ ಹಾಕ್ತೀರ?